ದೇವೇಂದ್ರಪ್ಪನವರ ಬಡಿಸುವ ಕೈ

ದೆಹಲಿಯ ಪೀತಮ್‌ಪುರದ ನಮ್ಮ ಕನ್ನಡ ಬಳಗದಲ್ಲಿ ಊಟಕ್ಕೆ ಎಲೆ ಹಾಕಿದರೆಂದರೆ ಹುಳಿಯ ಬಕೆಟ್ ದೇವೇಂದ್ರಪ್ಪನವರ ಕೈಯಲ್ಲೇ ಇರಬೇಕು. ಇದು ಬಳಗದವರು ಮಾಡಿದ ನಿಯಮವಲ್ಲ, ಅವರೇ ಮಾಡಿಕೊಂಡದ್ದು. ಎಡಗೈಯಲ್ಲಿ ಬಕೆಟ್, ಬಲಗೈಯಲ್ಲಿ ಸೌಟು, ಹೆಗಲ ಮೇಲೊಂದು ಬಿಳಿ ಟವಲ್. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಆ ಕುರ್ಚಿಯ ವಿಷಯ ಅವರು ಮಾತಾಡಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಬಡಿಸುವ ವಿಷಯ ಕೇಳದೆ ಇರಲು ಯಾರಿಗೂ ಸಾಧ್ಯವಾಗಿಲ್ಲ.

"ಎಲೆ ನೋಡ್ಬೇಕು ಲೀಲಮ್ಮನವರೇ, ಮುಖ ನೋಡ್ಬಾರ್ದು" ಎನ್ನುತ್ತಿದ್ದರು. "ಬೇಕಾ ಅಂತ ಕೇಳಿದ್ರೆ ಮರ್ಯಾದಸ್ಥರು ಬೇಡ ಅಂತಾರೆ. ಎಲೆ ಸುಳ್ಳು ಹೇಳಲ್ಲ."

ಪ್ರತಿ ಸಲ ಸೌಟು ಇಳಿಸುವಾಗಲೂ ಬಕೆಟ್ಟಿನ ತಳದಿಂದ ಒಮ್ಮೆ ತಿರುವಿ ಎತ್ತುತ್ತಿದ್ದರು. ಹಾಗೆ ಮಾಡದಿದ್ದರೆ ಮೊದಲ ಪಂಕ್ತಿಗೆ ಬರೀ ತಿಳಿ ಹೋಗಿ ಕೊನೆಯ ಪಂಕ್ತಿಗೆ ಗಸಿ ಉಳಿಯುತ್ತದೆ. ನುಗ್ಗೇಕಾಯಿ ಹುಳಿಯಾದರೆ ಎಲೆಗೆ ಎರಡು ಹೋಳು. ಮಂತ್ರಿಗಳ ಕಡೆಯವರು ಬಂದು ಕೂತರೂ ಎರಡೇ, ಚಪ್ಪಲಿ ಕಾಯುವವನು ಕೂತರೂ ಎರಡೇ. ಅನ್ನದ ಗುಳಿಯ ಮೇಲೆ ಮಣಿಕಟ್ಟನ್ನು ಒಂದು ಸುತ್ತು ತಿರುಗಿಸಿದರೆ ಹುಳಿ ಗುಳಿಯೊಳಗೇ ಇಳಿಯಬೇಕು, ಎಲೆಯ ಅಂಚಿಗೆ ಒಂದು ಹನಿ ಸಿಡಿಯಬಾರದು. ಸಿಡಿದದ್ದನ್ನು ನಾನೂ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಅವರ ಮನೆ ನಮ್ಮ ಮನೆಯ ಮೇಲಿನ ಮಹಡಿ. ಅವರು ದೆಹಲಿಗೆ ಬಂದಾಗಿನಿಂದ ನಮ್ಮ ಯಜಮಾನರಿಗೂ ಅವರಿಗೂ ಒಂದೇ ಆಫೀಸು. ಈಗ ಯಜಮಾನರಿಲ್ಲ, ಮೇಲಿನ ಮನೆಯ ಬಳಕೆ ಹಾಗೇ ಉಳಿದಿದೆ. ಆ ಮನೆಯಲ್ಲಿ ದೇವೇಂದ್ರಪ್ಪನವರು ಒಂದು ಲೋಟ ನೀರನ್ನು ತಾವಾಗಿ ಬಗ್ಗಿಸಿಕೊಂಡದ್ದನ್ನು ನಾನು ನೋಡಿಲ್ಲ. ತಟ್ಟೆಯ ಮುಂದೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟಕ್ಕೆ ಅವರ ಹೆಂಡತಿ ಸುಮಿತ್ರಾಗೆ ಏನು ಬೇಕೆಂದು ತಿಳಿಯಬೇಕು, ತಿಳಿಯುತ್ತಿತ್ತು. ಅವರು ಎದ್ದ ಮೇಲೆ ಅವಳು ಪಾತ್ರೆಯ ತಳದಲ್ಲಿ ಉಳಿದದ್ದನ್ನು ಅನ್ನಕ್ಕೆ ಹಾಕಿಕೊಂಡು ಅಡುಗೆಮನೆಯಲ್ಲೇ ಉಣ್ಣುತ್ತಿದ್ದಳು. ಇದರಲ್ಲಿ ವಿಶೇಷವಿದೆಯೆಂದು ಅವರಿಗೂ ಅನ್ನಿಸಿರಲಿಲ್ಲ, ಅವಳಿಗೂ ಅನ್ನಿಸಿರಲಿಲ್ಲ. ನಾನೂ ಹಾಗೇ ಉಂಡವಳು.

ಕಳೆದ ರಾಜ್ಯೋತ್ಸವದ ಊಟ ನವೆಂಬರ್ ಕೊನೆಯ ಭಾನುವಾರ ಬಿತ್ತು. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಎರಡು ಪಂಕ್ತಿ ಎದ್ದಿದ್ದವು. ಮೂರನೆಯದಕ್ಕೆ ಮುಂಚೆ ನೆಲ ಒರೆಸಿದ್ದು ದೇವೇಂದ್ರಪ್ಪನವರಿಗೆ ಸರಿಬರಲಿಲ್ಲ. "ಭಯ್ಯಾ, ಫಿರ್ ಸೇ" ಎಂದು ಮತ್ತೊಮ್ಮೆ ಒರೆಸಿದರು. ಅಂದರೆ, ಒರೆಸಿಸಿದರು. ಆಮೇಲೆ ಬಾಗಿಲಲ್ಲಿ ನಿಂತು ಒಳಗೆ ಬರುವವರಿಗೆಲ್ಲ, "ನೆಲ ಒದ್ದೆ ಇದೆ, ನೋಡ್ಕೊಂಡು ನಡೀರಿ" ಎಂದು ಕೂಗಿದರು. ಎಲ್ಲರೂ ನೋಡಿಕೊಂಡು ನಡೆದರು. ಬಕೆಟ್ ತುಂಬಿಸಿಕೊಂಡು ಅಡುಗೆ ಕಡೆಯಿಂದ ಬಂದ ದೇವೇಂದ್ರಪ್ಪನವರು ಮಾತ್ರ ಜಾರಿದರು.

ಜಾರಿದಾಗ ಬಕೆಟ್ ಬಿಟ್ಟಿದ್ದರೆ ಬರೀ ಕೂತುಬಿಡುತ್ತಿದ್ದರೇನೋ. ಬಿಡಲಿಲ್ಲ. ಎಡಗೈಯನ್ನು ಮೇಲೆತ್ತಿ ಹಿಡಿದು, ಮೈಭಾರವನ್ನೆಲ್ಲ ಬಲಗೈ ಮೇಲೆ ಹಾಕಿ ನೆಲಕ್ಕೆ ಊರಿದರು. ಬಕೆಟ್ಟಿನಿಂದ ಒಂದು ಹನಿ ಚೆಲ್ಲಲಿಲ್ಲ. ಮಣಿಕಟ್ಟು ಮಾತ್ರ ಸೌಟಿನ ಕತ್ತಿನ ಹಾಗೆ ಬಾಗಿಕೊಂಡಿತು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದ ಮೇಲೆ ಆ ಹುಳಿಯನ್ನು ಬೇರೆ ಯಾರೋ ಬಡಿಸಿದರು. ನಾನೂ ಉಂಡೆ. ಚೆನ್ನಾಗಿತ್ತು.

ಹೆಬ್ಬೆರಳ ಕಡೆಯ ಮೂಳೆ ಮಣಿಕಟ್ಟಿನ ಹತ್ತಿರ ಮುರಿದು ಹಿಂದಕ್ಕೆ ವಾಲಿದೆ, ಚೂರುಗಳು ಕೀಲಿನವರೆಗೂ ಹೋಗಿವೆ, ಬರೀ ಪ್ಲಾಸ್ಟರ್ ಹಾಕಿದರೆ ಮತ್ತೆ ಜಾರುತ್ತದೆ, ಪ್ಲೇಟ್ ಕೂರಿಸಬೇಕು ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. ಅಂಗೈ ಕಡೆಯಿಂದ ಕೊಯ್ದು, ಮೂಳೆಯನ್ನು ಅದರ ಜಾಗಕ್ಕೆ ತಂದು, ಅದರ ಮೇಲೆ ಲೋಹದ ಪಟ್ಟಿಯಿಟ್ಟು ಸಣ್ಣ ಸಣ್ಣ ಸ್ಕ್ರೂ ಬಿಗಿಯುತ್ತಾರೆ. ಆ ಪಟ್ಟಿಯ ಚಿತ್ರ ನಮಗೂ ತೋರಿಸಿದರು. ತುದಿಯಲ್ಲಿ ಅಗಲ, ಹಿಡಿಯಲ್ಲಿ ಸಪೂರ, ದೋಸೆ ಮಗುಚುವ ಕೈಯನ್ನು ಚಿಕ್ಕದು ಮಾಡಿದ ಹಾಗಿತ್ತು.

ದೇವೇಂದ್ರಪ್ಪನವರು ಕೇಳಿದ್ದು ಒಂದೇ ಪ್ರಶ್ನೆ. "ಬಡಿಸಬಹುದಾ?"

ಡಾಕ್ಟರಿಗೆ ಇದು ಅರ್ಥವಾಗಲಿಲ್ಲ. ಸುಮಿತ್ರಾ ಹಿಂದಿಯಲ್ಲಿ ಹೇಳಿದಳು, ಆಗಲೂ ಅರ್ಥವಾಗಲಿಲ್ಲ. ಆದರೂ, "ಮೊದಲ ದಿನದಿಂದಲೇ ಬೆರಳು ಆಡಿಸಿದರೆ ಎಲ್ಲ ಮಾಡಬಹುದು" ಎಂದರು. ಎಲ್ಲ ಮಾಡಬಹುದು ಎಂಬಷ್ಟು ದೇವೇಂದ್ರಪ್ಪನವರ ಕಿವಿಗೆ ಬಿತ್ತು. ಬೆರಳಿನ ಮಾತು ಬೀಳಲಿಲ್ಲ.

ತೋಳು ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಆಪರೇಷನ್ ಮಾಡಿದ್ದರಿಂದ ಅವರಿಗೆ ಪೂರ್ತಿ ಎಚ್ಚರವಿತ್ತು. ಹೊರಗೆ ಬಂದವರೇ, "ಒಳಗೆ ಬಡಗಿ ಕೆಲಸ ಕಣ್ರೀ, ಬೈರಿಗೆ ಸದ್ದು ಕೇಳಿಸ್ತು" ಎಂದರು. ಆಪರೇಷನ್ ಚೆನ್ನಾಗಿ ಆಗಿತ್ತು. ಇನ್ನು ಕೈ ಕೆಡಿಸುವ ಕೆಲಸ ಉಳಿದಿತ್ತು, ಅದನ್ನು ಬಳಗದ ನಾವೆಲ್ಲ ಸೇರಿ ಮಾಡಿದೆವು.

ನೋಡಲು ಬಂದವರೆಲ್ಲ ಒಂದೊಂದು ಮಾತು ಬಿಟ್ಟು ಹೋದರು. "ಅಲ್ಲಾಡಿಸಬೇಡಿ ಸಾರ್, ಸ್ಕ್ರೂ ಸಡಿಲ ಆದೀತು" ಎಂದರು ಒಬ್ಬರು. ಪಕ್ಕದ ಬ್ಲಾಕಿನ ಚಿದಂಬರ ಅವರು ತಮ್ಮ ಸ್ಕೂಟರಿನ ಸ್ಕ್ರೂ ಸಡಿಲವಾಗಿದ್ದ ಕತೆಯನ್ನು ಪೂರ್ತಿ ಹೇಳಿದರು. ನಾನು ಬಿಸಿ ರವೆ ಉಂಡೆ ಮಾಡಿಕೊಂಡು ಹೋಗಿ, ಕೈ ತೂಗುಹಾಕಿದ್ದ ಕುತ್ತಿಗೆಯ ಪಟ್ಟಿಯನ್ನು ಇನ್ನಷ್ಟು ಬಿಗಿಮಾಡಿ ಬಂದೆ. ಕೈ ಎದೆಯ ಮೇಲೆ ಹಸುಗೂಸಿನ ಹಾಗೆ ಮಲಗಿತ್ತು.

ಊಟದ್ದು ಇನ್ನೊಂದು ಕತೆ. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದರು ದೇವೇಂದ್ರಪ್ಪನವರು. ಚಮಚ ಕೊಟ್ಟರೆ, ಅದನ್ನು ಹಿಡಿಯಬೇಕಾದದ್ದೂ ಎಡಗೈಯೇ ಅಲ್ಲವೇ ಎಂದರು. ಹಾಗಾಗಿ ಸುಮಿತ್ರಾ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ತುತ್ತು ದೊಡ್ಡದಾಯಿತು, ಉಪ್ಪು ಕಮ್ಮಿಯಾಯಿತು ಎಂದು ಅವರು ಹೇಳುತ್ತಿದ್ದರು. ಡಿಸೆಂಬರಿನ ಚಳಿ. ಅವರು ಉಂಡು ಮುಗಿಸುವಷ್ಟರಲ್ಲಿ ಅವಳ ಪಾಲಿನ ಅನ್ನ ತಣ್ಣಗಾಗಿ ಗಂಟಾಗುತ್ತಿತ್ತು.

ಹೊಲಿಗೆ ಬಿಚ್ಚಲು ಹೋದಾಗ ಡಾಕ್ಟರು ಗಾಯ ನೋಡಿ ಖುಷಿಪಟ್ಟರು. ಬೆರಳು ಮಡಿಸಿ ಎಂದಾಗ ಬೆರಳು ಬಾಗಲಿಲ್ಲ. ಊದಿಕೊಂಡು, ಹೊಳೆಯುತ್ತಾ, ಮರದ ಆಟಿಕೆಯವುಗಳ ಹಾಗೆ ನಿಂತಿದ್ದವು. ಅಂಗೈ ಮೇಲಕ್ಕೆ ತಿರುಗಿಸಿ ಎಂದರೆ ಅರ್ಧಕ್ಕೂ ಬರಲಿಲ್ಲ. ಎಕ್ಸ್‌ರೇಯಲ್ಲಿ ಪ್ಲೇಟ್, ಸ್ಕ್ರೂ ಎಲ್ಲ ಇದ್ದಲ್ಲೇ ಇದ್ದವು.

"ಪ್ಲೇಟ್ ನನ್ನ ಕೆಲಸ, ಅದು ಸರಿಯಾಗಿದೆ" ಎಂದರು ಡಾಕ್ಟರು ಹಿಂದಿಯಲ್ಲಿ. "ಬೆರಳು ನಿಮ್ಮ ಕೆಲಸ. ಅದನ್ನು ನೀವು ಯಾರಿಗೆ ವಹಿಸಿದ್ದಿರಿ?"

ದೇವೇಂದ್ರಪ್ಪನವರು ಕುತ್ತಿಗೆಯ ಪಟ್ಟಿ ಸರಿಮಾಡಿಕೊಂಡರು. ಸುಮಿತ್ರಾ ನೆಲ ನೋಡಿದಳು. ನನ್ನ ಮಂಡಿನೋವು ತೋರಿಸಲು ಅವರ ಜೊತೆಗೇ ಹೋಗಿದ್ದ ನಾನು ಗೋಡೆ ನೋಡಿದೆ.

ಅದೇ ವಾರ ಪವನ್ ಬಂದ. ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗ, ಈಗ ಬಳಗದ ಕಾರ್ಯದರ್ಶಿ. ಒಳ್ಳೆಯವನು. ಕಿತ್ತಳೆ ತಂದಿದ್ದ, ತಾನೇ ಸುಲಿದು ಕೊಟ್ಟ.

"ಅಂಕಲ್, ನೀವು ಟೆನ್ಶನ್ ಮಾಡ್ಕೋಬೇಡಿ. ಈ ಯುಗಾದಿಗೆ ಬಫೆ ಇಟ್ಟುಬಿಡೋಣ ಅಂತ ಕಮಿಟೀಲಿ ಮಾತಾಗಿದೆ. ನಿಂತ್ಕೊಂಡು ತಿಂತಾರೆ, ಬೇಗ ಮುಗಿಯತ್ತೆ. ನೀವು ಆರಾಮಾಗಿ ಕೂತ್ಕೊಳ್ಳಿ, ನಿಮಗೆ ಪ್ಲೇಟ್ ತಂದುಕೊಡ್ತೀವಿ."

"ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಲೋದಾ? ಯುಗಾದಿ ದಿನ?"

"ಬಡಿಸೋರು ಯಾರಿದ್ದಾರೆ ಅಂಕಲ್? ನಮಗ್ಯಾರಿಗೂ ಬರಲ್ಲ. ನಿಮ್ಮ ಕೈ ನೋಡಿದ್ರೆ ಹೀಗಿದೆ. ಒಂದು ಸಲ ಬಫೆ ಮಾಡಿದ್ರೆ ಜನಕ್ಕೆ ಅಭ್ಯಾಸ ಆಗ್ಬಿಡತ್ತೆ. ನಿಮಗೂ ಇನ್ನು ಮುಂದೆ ಕಷ್ಟ ಇರಲ್ಲ."

ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡೇ ಆ ಹುಡುಗ ಇದನ್ನೆಲ್ಲ ಹೇಳಿದ. ದೇವೇಂದ್ರಪ್ಪನವರ ಬಾಯಲ್ಲಿ ಕಿತ್ತಳೆ ತೊಳೆ ಹಾಗೇ ಉಳಿಯಿತು. ಆಮೇಲೆ ನುಂಗಿ, "ಯುಗಾದಿಗೆ ನಾನೇ ಬಡಿಸ್ತೀನಿ" ಎಂದರು.

"ಅಂಕಲ್..."

"ಹೋಳಿ ಮುಗಿದ ಮೇಲೆ ಬಂದು ನೋಡು. ಒಂದು ಹನಿ ಚೆಲ್ಲಿದ್ರೂ ನಿನ್ನ ಬಫೆ ಇಟ್ಕೋ. ಆಮೇಲೆ ನಾನು ಆ ಹಾಲ್‌ಗೆ ಕಾಲಿಡಲ್ಲ."

ಪವನ್ ಹೋದ ಮೇಲೆ ಅವರು ಊದಿದ ಬೆರಳುಗಳನ್ನು ಬಹಳ ಹೊತ್ತು ನೋಡಿಕೊಂಡು ಕೂತಿದ್ದರು. ಮೆಟ್ಟಿಲಲ್ಲಿ ಸುಮಿತ್ರಾ ನನಗೆ ಹೇಳಿದಳು. "ಬಫೆ ಆಯ್ತು ಅಂದ್ರೆ ಇವ್ರು ಮನೇಲಿ ಕೂರ್ತಾರೆ ಲೀಲಮ್ಮ. ದಿನಾ ಪೂರ್ತಿ. ಗಂಟಲು ಸರಿಮಾಡ್ಕೊಂಡು."

ಹೀಗೆ ಇಬ್ಬರಿಗೂ ಆ ಕೈ ಬೇಕಾಯಿತು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವವಳ ಹೆಸರು ಕೃತಿ. ರೋಹ್ತಕ್ ಕಡೆಯ ಹುಡುಗಿ, ಗಟ್ಟಿ ಗಂಟಲು. ಅವಳು ಮಾತಾಡಿದರೆ ಕಾರಿಡಾರಿನಲ್ಲಿ ಕೂತವರೂ ಕೈ ಮೇಲೆತ್ತುತ್ತಿದ್ದರು. ಮೊದಲ ದಿನ ಅವಳು, "ಅಂಕಲ್‌ಜೀ, ಈ ಕೈಯಲ್ಲಿ ಮುಖ್ಯವಾಗಿ ಏನು ಕೆಲಸ ಮಾಡ್ತೀರಿ?" ಎಂದು ಹಿಂದಿಯಲ್ಲಿ ಕೇಳಿದಳು. ಇವರು ಯೋಚಿಸಿ, ಊಟ ಬಡಿಸುತ್ತೇನೆ ಎಂದರು.

"ಅಚ್ಛಾ, ವೇಟರ್ ಥೇ ಆಪ್?"

ದೇವೇಂದ್ರಪ್ಪನವರ ಮುಖ ಕೆಂಪಾಯಿತು. ಸೆಕ್ಷನ್ ಆಫೀಸರ್ ಎಂದರು. ಯಾವ ಸಚಿವಾಲಯ ಎಂದೂ ಹೇಳಿದರು. ಅವಳು ತಲೆಯಾಡಿಸಿ, "ಕೋಯಿ ಬಾತ್ ನಹೀಂ, ಎಲ್ಲ ಕೆಲಸಾನೂ ಒಳ್ಳೇದೇ" ಎಂದು ಸಮಾಧಾನ ಮಾಡಿದಳು. ಸುಮಿತ್ರಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಕೈ ಮುರಿದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು.

ಕೃತಿ ಮೊದಲು ಮಾಡಿದ ಕೆಲಸ ತುತ್ತು ನಿಲ್ಲಿಸಿದ್ದು. ಆ ಕೈಯಲ್ಲೇ ಉಣ್ಣಬೇಕು, ಅನ್ನ ಕಲಸುವುದಕ್ಕಿಂತ ಒಳ್ಳೆಯ ವ್ಯಾಯಾಮ ಬೆರಳಿಗೆ ಬೇರೆ ಇಲ್ಲ ಎಂದಳು. ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸುವುದು, ಮುಷ್ಟಿ ಕಟ್ಟುವುದು, ಟವಲ್ ಹಿಂಡಿದ ಹಾಗೆ ಮಾಡುವುದು. ಮೊದಮೊದಲು ಅನ್ನಕ್ಕಿಂತ ಹೆಚ್ಚು ಕಣ್ಣೀರೇ ತಟ್ಟೆಗೆ ಬಿತ್ತು. ಗಡ್ಡಕ್ಕೆ ಮೊಸರು ಹತ್ತಿಸಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂತು ಉಂಡರು. ಬೆರಳು ಬಂದವು. ಮಣಿಕಟ್ಟು ಹಿಂದೆ ಮುಂದೆ ಬಾಗುವುದೂ ಬಂತು. ಅಂಗೈ ಮೇಲಕ್ಕೆ ತಿರುಗುವುದು ಮಾತ್ರ ಬರಲಿಲ್ಲ. ಸೌಟಿನಿಂದ ಹುಳಿ ಸುರಿಯಬೇಕಾದರೆ ಬೇಕಾದದ್ದು ಅದೇ.

ಜನವರಿ ಕೊನೆಗೆ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಕೂಡುತ್ತಿದೆ ಎಂದ ಮೇಲೆ ಕೃತಿ ಹೇಳಿದಳು, "ಸೌಟು ಅಂದ್ರಲ್ಲ, ಅದನ್ನೇ ಹಿಡೀರಿ. ಮೊದಲು ಖಾಲಿ ಸೌಟು, ಮೊಣಕೈ ಪಕ್ಕೆಗೆ ಅಂಟಿಸಿ ತಿರುಗಿಸಿ. ಆಮೇಲೆ ನೀರು ತುಂಬಿ ಸುರೀರಿ. ದಿನಾ ಎರಡು ಹೊತ್ತು. ಭಾರ ಎತ್ತೋದು ಮಾತ್ರ ಈಗ ಬೇಡ."

ಸುಮಿತ್ರಾ ಕೇಳಿದಳು, "ನೀರೇ ಆಗ್ಬೇಕಾ ಬೇಟಿ? ಸಾರು ಆದ್ರೆ?"

"ಕುಛ್ ಭೀ, ಯಾವುದಾದ್ರೂ ಸರಿ ಆಂಟೀಜೀ."

"ಯಾರಿಗಾದ್ರೂ ಬಡಿಸಿದ್ರೆ?"

"ಔರ್ ಭೀ ಅಚ್ಛಾ, ಇನ್ನೂ ಒಳ್ಳೇದು!"

ಮನೆಗೆ ಬಂದು ಸುಮಿತ್ರಾ ಎರಡು ತಟ್ಟೆ ಹಾಕಿದಳು. ಒಂದರ ಮುಂದೆ ತಾನು ಕೂತಳು. ಹುಳಿಯ ಪಾತ್ರೆಯನ್ನು ನಡುವೆ ಇಟ್ಟು, ಸೌಟಿನ ಹಿಡಿಯನ್ನು ಅವರ ಕಡೆ ತಿರುಗಿಸಿದಳು. ಇದನ್ನು ನನಗೆ ಹೇಳಿದ್ದು ಅವಳೇ, ಮರುದಿನ ಬಿಸಿಲಿಗೆ ತಾರಸಿಯ ಮೇಲೆ ಕೂತಾಗ.

"ಏನಿದು?" ಎಂದರಂತೆ ಅವರು.

"ವ್ಯಾಯಾಮ."

"ಮನೇಲಿ ಬಡಿಸೋದಾ ನಾನು?"

"ಬೇಡ ಅಂದ್ರೆ ಬಿಡಿ. ಪವನ್‌ಗೆ ಫೋನ್ ಮಾಡ್ತೀನಿ, ಬಫೆ ಅಂತ ಹೇಳ್ತೀನಿ."

ಅವರು ಸೌಟು ತೆಗೆದುಕೊಂಡರಂತೆ. ಮೊದಲ ಸೌಟು ತಟ್ಟೆಗೆ ಬೀಳಲಿಲ್ಲ, ಅವಳ ಮಡಿಲಿಗೆ ಬಿತ್ತು. ಎರಡನೆಯದು ಅರ್ಧ ತಟ್ಟೆಗೆ, ಅರ್ಧ ಚಾಪೆಗೆ. "ಸುಟ್ಟಿತಾ?" ಎಂದು ಕೇಳಿದರಂತೆ. ಸುಡಲಿಲ್ಲ, ಇದು ಹೀಗೇ ಆಗುತ್ತದೆಂದು ಅವಳು ಮೊದಲೇ ಆರಿಸಿಟ್ಟಿದ್ದಳು. ಮೂರನೆಯ ಸಲ ಅವರು ಅಭ್ಯಾಸಬಲದಿಂದ ಪಾತ್ರೆಯ ತಳ ತಿರುವಿ, ಹೋಳುಗಳನ್ನು ಎತ್ತಿ, ತಮ್ಮ ತಟ್ಟೆಗೆ ಎರಡು, ಅವಳ ತಟ್ಟೆಗೆ ಎರಡು ಹಾಕಿದರು.

"ನನಗ್ಯಾಕೆ, ನಿಮಗಿರಲಿ" ಎಂದಳಂತೆ ಅವಳು. ಆ ಮನೆಯಲ್ಲಿ ಹೋಳೆಲ್ಲ ಯಾವಾಗಲೂ ಅವರ ತಟ್ಟೆಗೇ ಹೋಗುತ್ತಿದ್ದದ್ದು.

"ಪಂಕ್ತೀಲಿ ಭೇದ ಮಾಡಲ್ಲ ನಾನು" ಎಂದರಂತೆ ಅವರು, ಬಹಳ ಗಂಭೀರವಾಗಿ.

ಇದನ್ನು ಹೇಳಿ ಸುಮಿತ್ರಾ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು. "ಮದುವೆಯಾಗಿ ಇಷ್ಟು ವರ್ಷ ಆದ ಮೇಲೆ ನಾನೂ ಪಂಕ್ತಿಗೆ ಬಂದೆ ಲೀಲಮ್ಮ" ಎಂದಳು. ನಗುತ್ತಿದ್ದಾಳೋ ಏನೋ ಎಂದು ನೋಡಿದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಳು, ತಿಳಿಯಲಿಲ್ಲ.

ಫೆಬ್ರವರಿ ಪೂರ್ತಿ ಹೀಗೇ ನಡೆಯಿತು. ನಾನು ಮೇಲೆ ಹೋದಾಗಲೆಲ್ಲ ಅಡುಗೆಮನೆಯಿಂದ ಅವರ ದನಿ ಕೇಳುತ್ತಿತ್ತು. "ಗುಳಿ ಮಾಡ್ಕೊಳೇ, ಎಲ್ಲಿ ಹಾಕ್ಲಿ ನಾನು?" "ಅನ್ನ ಇಷ್ಟೇನಾ? ಗುಬ್ಬಿ ತಿನ್ನತ್ತೆ ಇದಕ್ಕಿಂತ." ಎಲೆ ನೋಡುವ ಕಣ್ಣಲ್ಲವೇ? ಅವಳ ತಟ್ಟೆ ಹೇಗಿರುತ್ತದೆಂದು ಆ ಕಣ್ಣು ಆ ವರ್ಷವೇ ಮೊದಲು ನೋಡಿದ್ದು. ಒಂದು ದಿನ ಅವಳು ಉಣ್ಣುತ್ತಾ ಸುಮ್ಮನೆ ಗಂಟಲು ಸರಿಮಾಡಿಕೊಂಡಳಂತೆ. ಅವರು ತಟ್ಟನೆ ಎದ್ದು ನೀರು ಬಗ್ಗಿಸಿ ಕೊಟ್ಟರಂತೆ. ಆಮೇಲೆ ಇಬ್ಬರಿಗೂ ಸ್ವಲ್ಪ ನಾಚಿಕೆಯಾಯಿತಂತೆ.

ಹೋಳಿ ಮುಗಿದ ಮೇಲೆ ಪವನ್ ಬಂದ. ದೇವೇಂದ್ರಪ್ಪನವರು ಅವನನ್ನು ಕೂರಿಸಿ ಎಲೆ ಹಾಕಿದರು. ಅನ್ನ ಹಾಕಿ, ಹೆಗಲಿಗೆ ಟವಲ್ ಹಾಕಿಕೊಂಡು, ಬಕೆಟ್ ಹಿಡಿದು ಬಂದರು. ಸುಮಿತ್ರಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಸೌಟು ಮೇಲೆ ಬಂತು, ಗುಳಿಯ ಮೇಲೆ ನಿಂತಿತು. ಮಣಿಕಟ್ಟು ತಿರುಗಿತು. ಪೂರ್ತಿಯಲ್ಲ, ಮೊದಲಿನಷ್ಟಲ್ಲ. ಉಳಿದಷ್ಟನ್ನು ಅವರು ಮೊಣಕೈಯನ್ನು ಸಣ್ಣಗೆ ಎತ್ತಿ ತುಂಬಿಕೊಂಡರು. ಹುಳಿ ಗುಳಿಗೆ ಇಳಿಯಿತು. ಪವನ್ ಎಲೆಯ ಅಂಚಿಗೆ ಬಗ್ಗಿ ನೋಡಿದ. ಬೆರಳಿಟ್ಟೂ ನೋಡಿದ.

"ಅಂಕಲ್, ಇದು ಟೆಸ್ಟಾ? ನನಗೆ ನಿಜವಾಗ್ಲೂ ಹಸಿವಾಗಿದೆ" ಎಂದ.

ಬಫೆಯವನಿಗೆ ಬೇಡ ಎಂದು ಹೇಳಿದ್ದಾಯಿತು.

ಯುಗಾದಿಯ ದಿನ ಭವನದ ನೆಲ ಒಂದೇ ಸಲ ಒರೆಸಿಸಿದರು. ಒಣಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಮೂರು ಪಂಕ್ತಿಗೂ ಅವರೇ ಹುಳಿ ಬಡಿಸಿದರು. ಬಕೆಟ್ ಅರ್ಧ ಅರ್ಧವೇ ತುಂಬಿಸಿಕೊಂಡರು, ಅಷ್ಟೇ ವ್ಯತ್ಯಾಸ. ವಸಂತ್ ಕುಂಜದಿಂದ ಬಂದಿದ್ದವರೊಬ್ಬರು ಮೊಬೈಲಿನಲ್ಲಿ ಅವರ ಕೈಯ ಚಿತ್ರ ಹಿಡಿದರು. ಕೊನೆಯ ಪಂಕ್ತಿಯಲ್ಲಿ ನಾನೂ ಸುಮಿತ್ರಾಳೂ ಪಕ್ಕಪಕ್ಕ ಕೂತಿದ್ದೆವು. ಅವರು ಬಂದರು. ಎಲೆ ನೋಡಿದರು, ಮುಖ ನೋಡಲಿಲ್ಲ. ತಳ ತಿರುವಿ ಎತ್ತಿದರು. ನನ್ನ ಎಲೆಗೆ ನುಗ್ಗೇಕಾಯಿ ಎರಡು ಬಿತ್ತು. ಸುಮಿತ್ರಾಳ ಎಲೆಗೆ ಮೂರು.

ನಾನು ಎಣಿಸಿದೆ. ತಪ್ಪಿಲ್ಲ, ಮೂರೇ. ಭೇದ ಮಾಡದ ಮನುಷ್ಯ ಬಕೆಟ್ ಎತ್ತಿಕೊಂಡು ಮುಂದೆ ಹೋದರು.

ಯುಗಾದಿಯಾದ ಮೇಲೆ ಕೊನೆಯ ಸಲ ಆಸ್ಪತ್ರೆಗೆ ಹೋದಾಗ ನನ್ನ ಮಂಡಿಯೂ ಜೊತೆಗೆ ಹೋಯಿತು. ಎಲ್ಲ ಸರಿಯಾಗಿದೆ, ಪ್ಲೇಟ್ ತೊಂದರೆ ಕೊಡದಿದ್ದರೆ ತೆಗೆಯುವ ಅಗತ್ಯವಿಲ್ಲ, ಜೀವನಪೂರ್ತಿ ಒಳಗೇ ಇರಲಿ ಎಂದರು ಡಾಕ್ಟರು. ದೇವೇಂದ್ರಪ್ಪನವರನ್ನು ಕೊನೆಯದೊಂದು ಎಕ್ಸ್‌ರೇಗೆ ಪಕ್ಕದ ಕೋಣೆಗೆ ಕಳಿಸಿದರು. ನಾವಿಬ್ಬರು ಕೃತಿಯ ಹತ್ತಿರ ಕೂತಿದ್ದೆವು.

"ಬಸ್ ಆಂಟೀಜೀ, ಹೋ ಗಯಾ" ಎಂದಳು ಅವಳು. "ಇನ್ನು ವ್ಯಾಯಾಮ ಬೇಡ. ಸೌಟು ಗೀಟು ಎಲ್ಲ ಬಿಡಬಹುದು."

ಸುಮಿತ್ರಾ ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ವಾಪಸು ಬರುವಾಗ ಆಟೋದಲ್ಲಿ ದೇವೇಂದ್ರಪ್ಪನವರು ಕೇಳಿದರು, "ಏನಂದ್ಲು ಆ ಹುಡುಗಿ?"

"ಬಿಡೋ ಹಾಗಿಲ್ವಂತೆ."

"ಎಲ್ಲೀವರೆಗೆ?"

"ಪ್ಲೇಟ್ ಒಳಗಿರೋವರೆಗೂ."

"ಅದನ್ನ ತೆಗೆಯೋದೇ ಇಲ್ಲ ಅಂದ್ರಲ್ಲ ಡಾಕ್ಟ್ರು."

"ಹೌದಾ?" ಎಂದಳು ಸುಮಿತ್ರಾ. "ಹಾಗಾದ್ರೆ ಏನು ಮಾಡೋಕಾಗತ್ತೆ."

ಅವರು ರಸ್ತೆ ನೋಡುತ್ತಾ ಕೂತರು. ನಾನೂ ರಸ್ತೆಯನ್ನೇ ನೋಡಿದೆ.

ಮಾರನೆಯ ದಿನ ಅವರ ಪಾತ್ರೆ ಹಿಂದಿರುಗಿಸಲು ಮೇಲೆ ಹೋದಾಗ ಊಟದ ಹೊತ್ತು. ದೇವೇಂದ್ರಪ್ಪನವರು ಟವಲ್ ಹಾಕಿಕೊಂಡು ನಿಂತಿದ್ದರು. "ಕೂತ್ಕೊಳ್ಳಿ ಲೀಲಮ್ಮನವರೇ, ಎರಡು ಎಲೆಗೆ ಮೂರನೇದು ಭಾರ ಆಗಲ್ಲ" ಎಂದು ನನಗೂ ತಟ್ಟೆ ಹಾಕಿದರು. ಸುಮಿತ್ರಾ ಮೊಸರು ತರಲು ಒಳಗೆ ಹೋದಳು. ಅವರು ಪಾತ್ರೆಯ ತಳದಿಂದ ಸೌಟು ತಿರುವುತ್ತಾ, ಮುಖ ಎತ್ತದೆ, ದನಿ ತಗ್ಗಿಸಿ ಹೇಳಿದರು.

"ಆ ಕೃತಿ ಹುಡುಗಿಗೆ ಎಂಥಾ ಗಂಟಲು ಅಂತೀರಿ. ಎಕ್ಸ್‌ರೇ ಕೋಣೆವರೆಗೂ ಕೇಳ್ಸತ್ತೆ."

ನನ್ನ ತಟ್ಟೆಗೆ ಎರಡು ಹೋಳು ಬಿತ್ತು. ಮೊಸರು ಹಿಡಿದು ಬಂದ ಸುಮಿತ್ರಾ ನಮ್ಮಿಬ್ಬರ ಮುಖ ನೋಡಿದಳು.

"ಏನಂತೆ?"

"ಏನಿಲ್ಲ, ಹುಳಿಗೆ ಉಪ್ಪು ಸರಿಯಾಗಿದೆ ಅಂದ್ರು" ಎಂದೆ ನಾನು.

"ಕೂತ್ಕೊಳೇ, ಆರಿಹೋಗತ್ತೆ" ಎಂದರು ದೇವೇಂದ್ರಪ್ಪನವರು, ಸೌಟು ಎತ್ತಿಕೊಂಡು.